ಕರೆಂಟು ಬಂದರೆ ತಾನೇ ಏಳುವ ಸರ್ವರು

ಆ ಡಿಸ್ಕನ್ನು ಕೊಂದವನು ನಾನೇ. ಕಾಗವಾಡದ ಅರ್ಧ ಊರಿನವರ ದನಿ ಅನುಕರಿಸಿ ನಗಿಸುವವನಿಗೆ, ಒಂದು ಯಂತ್ರ ಕಟಕಟ ಹಲ್ಲು ಕಡಿದು ಸಾಕಪ್ಪಾ ಅಂದದ್ದು ಮಾತ್ರ ಕೇಳಿಸಲಿಲ್ಲ.

ಅಣ್ಣಪ್ಪ ಕಾಕಾ ನಮ್ಮ ಪಕ್ಕದ ಮನೆಯವರು, ದ್ರಾಕ್ಷಿ ತೋಟದವರು. ಯಾವ ಯಂತ್ರ ಕೆಟ್ಟರೂ ಮೊದಲು ಅದರ ಮೇಲೆ ಅಂಗೈ ಇಡುತ್ತಿದ್ದರು, ಕೂಸಿಗೆ ಜ್ವರ ಬಂದಿದೆಯೇ ಎಂದು ನೋಡುವಂತೆ. ಆಮೇಲೆ ಚಿಕಿತ್ಸೆ ಒಂದೇ: "ತಂಪ ಆಗ್ಲಿ ತಡೀ. ಮತ್ತ ಚಾಲೂ ಮಾಡೂಣು." ಬಾವಿಯ ಮೋಟರು, ಮಿಕ್ಸರು, ಎಲ್ಲವೂ ಇದಕ್ಕೆ ಹೆದರಿ ಎದ್ದು ಕೂರುತ್ತಿದ್ದವು. ಆ ಮಾತನ್ನು ಅವರದೇ ದನಿಯಲ್ಲಿ ಅವರೆದುರೇ ಆಡಿದರೆ, "ಮಂದಿ ದನಿ ಎಲ್ಲಾ ತಗೀತಿ. ನಿನ್ ಸ್ವಂತ ದನಿ ಎಲ್ಲಿ ಒತ್ತಿ ಇಟ್ಟೀಲೇ?" ಎನ್ನುತ್ತಿದ್ದರು.

ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡ ಮೇಲೆ ಒಂದು ದಿನ ಕಾಕಾ ಗಾಜು ಒಡೆದ ಫೋನು ಹಿಡಿದು ಬಂದರು. ಕಾಕು ತೋಟಕ್ಕೆ ಕಳಿಸುತ್ತಿದ್ದ ಧ್ವನಿ ಮೆಸೇಜುಗಳು ಅದರಲ್ಲಿದ್ದವು. "ಚಾ ಆರಾಕತ್ತೈತಿ, ಬರ್ತೀರೋ ಇಲ್ಲೋ? ಬಳ್ಳೀನ ಕಟ್ಕೊಂಡ ಬಾಳೇ ಮಾಡ್ರಿ ಹಂಗಾದ್ರ!"

"ಇದು ಯಾವಾಗ ಸಾಯತೈತೋ. ಗಟ್ಟಿ ಜಾಗಾದಾಗ ಇಡಲೇ," ಎಂದರು ಕಾಕಾ.

ಹಳೆಯ ಕಂಪ್ಯೂಟರೊಂದನ್ನು ಅವರ ಪಡಸಾಲೆಯಲ್ಲಿ ಕೂರಿಸಿ, ಸರ್ವರು ಎಂದು ನಾಮಕರಣ ಮಾಡಿದೆ. ಮನೆಯ ಫೋಟೋಗಳು ಹೊಸ ಡಿಸ್ಕಿಗೆ ಹೋದವು. ಕಾಕುವಿನ ದನಿ, ಚಿಕ್ಕ ಫೈಲುಗಳು ತಾನೇ ಎಂದು, ಯಂತ್ರ ಏಳಲು ಬೇಕಾದ ಹಳೆಯ ಡಿಸ್ಕಿನಲ್ಲೇ ಉಳಿಯಿತು. ಇನ್ನೊಂದು ಪ್ರತಿ? "ಆಮ್ಯಾಲ ಮಾಡೂಣ್ರಿ ಕಾಕಾ." ಫೋನು ಬೇಗನೇ ಕಣ್ಣು ಮುಚ್ಚಿತು.

ಕಾಕಾ ಕೇಳಿದ್ದು ಒಂದೇ. "ಬಾವಿ ಮೋಟರಿಗಿ ಆಟೋ ಹಾಕೇವಲ್ಲ, ಕರೆಂಟ್ ಬಂದ್ರ ತಾನ ಚಾಲೂ ಆಗತೈತಿ. ಇದಕ್ಕೂ ಹಂಗ ಮಾಡು."

ಮಾಡಿದೆ, ಜಾಣನಂತೆ. ನಮ್ಮ ಕಡೆ ಕರೆಂಟು ಬಂದಂತೆ ಮಾಡಿ ಹೋಗುತ್ತದೆ. ಪ್ರತಿ ಸಲವೂ ಆ ಮುದಿ ಡಿಸ್ಕು ಎದ್ದಿತು, ಬಿದ್ದಿತು, ಮತ್ತೆ ಎದ್ದಿತು.

ಒಂದು ಮುಂಜಾನೆ ಪರದೆಯ ಮೇಲೆ ಬಿಳಿ ಅಕ್ಷರಗಳು ಅರ್ಧಕ್ಕೇ ನಿಂತಿದ್ದವು. ಒಳಗಿನಿಂದ ಕಟ್, ಕಟ್. ವೈರು ಬದಲಿಸಿದೆ, ಮೆಮೊರಿ ಕಿತ್ತು ಒರೆಸಿ ಹಾಕಿದೆ, ಪೆನ್‌ಡ್ರೈವಿನಿಂದ ಎಬ್ಬಿಸಿದೆ. ಹೊಸ ಡಿಸ್ಕು ಕಂಡಿತು. ಹಳೆಯದು ಕಾಕುವಿನ ಹೆಸರಿನ ಫೋಲ್ಡರು ಒಮ್ಮೆ ತೋರಿಸಿ ಮಾಯವಾಯಿತು.

ಅಲ್ಲಿಗೇ ಕೈ ತೆಗೆಯಬೇಕಿತ್ತು. ಕಾಕಾ ಅಂಗೈ ಇಟ್ಟರು. "ತಂಪ ಆಗ್ಲಿ ತಡೀ." ನನಗೂ ಅದೇ ಆಸೆ. ತಂಪು ಮಾಡಿದೆವು, ಚಾಲೂ ಮಾಡಿದೆವು, ಇಡೀ ದಿನ. ಕಟಕಟ ಹೋಗಿ ಕೆರೆಯುವ ಸದ್ದಾಯಿತು. ಆಮೇಲೆ ಅದೂ ಇಲ್ಲ.

ಮಿರಜಿನ ರಿಪೇರಿ ಅಂಗಡಿಯವನು ಬಿಚ್ಚಿ ನೋಡಿ, "ಕಾಹೀ ನಾಹೀ ಕಾಕಾ, ಏನೂ ಉಳದಿಲ್ಲ, ಒಳಗ ಎಲ್ಲಾ ಕೆರದ ಹೋಗೇತಿ," ಎಂದು ಕೈಗೆ ಕೊಟ್ಟ.

ಮರುದಿನವೇ ಕಾಕಾ ಅಥಣಿಯ ಮಗಳ ಮನೆ ಸೇರಿದರು, ಅಲ್ಲಿಯೇ ತೀರಿಕೊಂಡರು. ಹಾಗಾಗಿ ಮಿರಜಿನಿಂದ ವಾಪಸು ಬರುವಾಗ ಬಸ್ಸಿನಲ್ಲಿ ಆಡಿದ್ದೇ ನಮ್ಮ ಕೊನೆಯ ಮಾತು. ಸಮಾಧಾನ ಹೇಳಲು ಹೋದವನೂ ನಾನೇ.

"ಫೋಟೋ ಎಲ್ಲಾ ಉಳದಾವ್ರಿ ಕಾಕಾ. ಕಾಕು ಎಲ್ಲಾದ್ರಾಗೂ ಅದಾರ."

ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಒಂದ ಫೋಟೋದಾಗರ ಅಕಿ ಬಾಯಿ ತಗದಾಳೇನಲೇ?"