ಕೆರೆಯನ್ನು ಎಡಕ್ಕಿಟ್ಟುಕೊಂಡು

ನಾನು ಓದು ನಿಲ್ಲಿಸಿದ್ದು 1985ರಲ್ಲಿ. ಎಂಟನೇ ಕ್ಲಾಸಿನ ದಸರಾ ರಜೆಯಲ್ಲಿ ಶಿವಾಜಿನಗರದ ಒಂದು ಕುಶನ್ ಅಂಗಡಿಗೆ ಕೆಲಸಕ್ಕೆ ಅಂತ ಹೋದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಯಾರೂ ನನ್ನನ್ನು ಬಿಡಿಸಲಿಲ್ಲ, ಯಾರೂ ವಾಪಸ್ ಕಳಿಸಲೂ ಇಲ್ಲ. ಕಾರು, ಜೀಪು, ಆಟೋ, ಬಸ್ಸು, ಯಾವುದೇ ಇರಲಿ, ಸೀಟು ಬಿಚ್ಚಿ ಹೊಸ ರೆಕ್ಸಿನ್ ಹೊದಿಸಿ ಹೊಲಿಯುವ ಕೆಲಸ. ಆವತ್ತು ಕೈಗೆ ಹತ್ತಿದ ವಿದ್ಯೆ ಇವತ್ತಿಗೂ ಅನ್ನ ಹಾಕುತ್ತಿದೆ. ಯಾರ ಮುಂದೆಯೂ ಕೈಚಾಚಿದವನಲ್ಲ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ವಾಕಿಂಗ್ ವಿಷಯ. ಇವನಿಗೆ ಮಾಡೋಕೆ ಬೇರೆ ಕೆಲಸ ಇಲ್ಲ ಅಂತ ಯಾರೂ ಅಂದುಕೊಳ್ಳಬಾರದು.

ನಡೆಯುವುದು ಅಂದರೆ ನನಗೆ ಗೊತ್ತಿದ್ದದ್ದು ಒಂದೇ: ಏನನ್ನಾದರೂ ಹೊತ್ತುಕೊಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು. ಶಿವಾಜಿನಗರದಿಂದ ರೆಕ್ಸಿನ್ ಸುರುಳಿಯನ್ನು ಬಲ ಹೆಗಲ ಮೇಲೆ ಏರಿಸಿಕೊಂಡು ಹಲಸೂರಿನಲ್ಲಿದ್ದ ನಮ್ಮ ಮಾಲೀಕರ ಇನ್ನೊಂದು ಶೆಡ್ಡಿಗೆ ನಡೆಯುತ್ತಿದ್ದೆ. ಸುರುಳಿ ಹೊತ್ತಾಗ ಕುತ್ತಿಗೆ ಎಡಕ್ಕೆ ವಾಲುತ್ತದೆ. ಬಲಗಡೆ ಬಸ್ಸು ಬಂದರೂ ಕಾಣುವುದಿಲ್ಲ, ಬಸವ ಬಂದರೂ ಕಾಣುವುದಿಲ್ಲ. ಕಾಣುವುದೆಲ್ಲ ಎಡಗಡೆಯೇ. ಹಲಸೂರು ಕೆರೆ ಹೋಗುವಾಗ ಎಡಕ್ಕೆ ಸಿಗುತ್ತಿತ್ತು. ಹಾಗಾಗಿ ಆ ನೀರು, ಆ ಕೊಕ್ಕರೆ, ಎಲ್ಲ ನನಗೆ ಚೆನ್ನಾಗಿ ಗೊತ್ತು. ಅದೇ ರಸ್ತೆಯ ಆ ಕಡೆ ಏನೇನಿತ್ತು ಅಂತ ಯಾರಾದರೂ ಕೇಳಿದರೆ ಇವತ್ತಿಗೂ ಹೇಳೋಕಾಗುವುದಿಲ್ಲ.

ಅಪ್ಪ ಬೇಗ ಹೋದರು. ತಂಗಿಯರಿಬ್ಬರ ಮದುವೆ ಮಾಡಿದೆ. ನನ್ನ ಮದುವೆ ಮುಂದಕ್ಕೆ ಹೋಗುತ್ತಾ ಹೋಗುತ್ತಾ ಹೋಗಿಯೇಬಿಟ್ಟಿತು. ಹೊರಮಾವಿನಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲಕ್ಕೆ ಒಂದು ಸೈಟು ಹಿಡಿದಿದ್ದೆ, ಅದರಲ್ಲಿ ಮನೆ ಕಟ್ಟಿಸಿ ಅಮ್ಮನನ್ನು ಕರೆದುಕೊಂಡು ಬಂದೆ. ಕೆ.ಆರ್. ಪುರದಲ್ಲಿ ಸ್ವಂತ ಅಂಗಡಿ ಮಾಡಿದೆ. ಎರಡು ವರ್ಷದ ಕೆಳಗೆ ಅಮ್ಮನೂ ಹೋದಳು. ಅವಳಿದ್ದಾಗ ಬೆಳಗಾದರೆ ಅಡುಗೆಮನೆಯಲ್ಲಿ ಪಾತ್ರೆಗಳ ಜೊತೆ ಜಗಳ ಆಡುತ್ತಿದ್ದಳು. ಅವಳು ಹೋದ ಮೇಲೆ ಗೊತ್ತಾಯಿತು, ಆ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಅವಳೊಬ್ಬಳೇ. ನಾನು ಸದ್ದು ಮಾಡುವ ಮನುಷ್ಯನಲ್ಲ.

ಸಕ್ಕರೆ ಕಾಯಿಲೆ ಶುರುವಾದಾಗ ಡಾಕ್ಟರಮ್ಮ ಹೇಳಿದರು, "ದಿನಾ ಬೆಳಗ್ಗೆ ನಡೀರಿ."

"ಮೇಡಂ, ನಾನು ದಿನವೆಲ್ಲ ನಿಂತೇ ಕೆಲಸ ಮಾಡೋನು."

"ನಿಲ್ಲೋದು ಬೇರೆ, ನಡೆಯೋದು ಬೇರೆ ಕಣ್ರೀ. ನಿಮ್ಮ ಸೀಟಿನ ಕೆಲಸ ಸಾಕು, ಸ್ವಲ್ಪ ಕೆರೆ ಕಡೆ ಹೋಗಿ."

ಸರಿ ಅಂತ ಹೊರಟೆ. ಆದರೆ ಗೇಟು ದಾಟಿದ ಕೂಡಲೇ ಕಷ್ಟ ಶುರುವಾಯಿತು. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಖಾಲಿ ಕೈಯಲ್ಲಿ, ಎಲ್ಲಿಗೂ ಹೋಗದೆ, ಸುಮ್ಮನೆ ನಡೆಯುವುದು ಹೇಗೆ? ರಸ್ತೆಯವರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಮಾರನೇ ದಿನದಿಂದ ನಾನೇ ಹೊಲಿದ ಒಂದು ರೆಕ್ಸಿನ್ ಚೀಲ ಹಿಡಿದುಕೊಂಡೆ. ಒಳಗೆ ಅಳತೆ ಟೇಪು, ಒಂದು ಹಳೇ ಪೇಪರು. ಎದುರುಮನೆಯವರು, "ಏನ್ರೀ, ಇಷ್ಟು ಬೇಗ ಕೆಲಸಕ್ಕಾ?" ಅಂದರು. "ಹೂಂ, ಸ್ವಲ್ಪ ಅರ್ಜೆಂಟು," ಅಂದೆ. ಆಮೇಲೆ ಕಾಲು ಹಗುರವಾಗಿ ನಡೆಯಿತು.

ನಮ್ಮ ಹೊರಮಾವಿನ ಕೆರೆಯ ಸುತ್ತ ಕಲ್ಲು ಹಾಸಿದ ದಾರಿ ಇದೆ. ನಾನು ಒಳಗೆ ಹೋದವನೇ ಅಭ್ಯಾಸದ ಪ್ರಕಾರ ನೀರು ಎಡಕ್ಕೆ ಬರುವ ಹಾಗೆ ತಿರುಗಿದೆ. ಹೆಗಲ ಮೇಲೆ ಸುರುಳಿ ಇಲ್ಲದಿದ್ದರೂ ನನ್ನ ಕುತ್ತಿಗೆಗೆ ಇನ್ನೂ ಅದು ಇದ್ದ ಹಾಗೇ. ಹತ್ತು ಹೆಜ್ಜೆ ಹಾಕಿರಲಿಲ್ಲ, ಎದುರಿಂದ ಇಡೀ ಊರೇ ಬಂದ ಹಾಗೆ ಬಂತು. ಎಲ್ಲರೂ ಕೆರೆಯನ್ನು ಬಲಕ್ಕಿಟ್ಟುಕೊಂಡು, ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕುವವರ ಹಾಗೆ ಸುತ್ತುತ್ತಿದ್ದಾರೆ. ನಾನೊಬ್ಬ ಉಲ್ಟಾ.

"ಅಂಕಲ್, ಒನ್ ವೇ!" ಅಂತ ಕಿವಿಗೆ ವೈರು ಸಿಕ್ಕಿಸಿಕೊಂಡ ಒಬ್ಬ ನಕ್ಕ.

ಶಾಲು ಹೊದ್ದ ಒಬ್ಬ ಅಜ್ಜಿ ನಿಂತೇಬಿಟ್ಟರು. "ಯಾಕಪ್ಪ ಅಪ್ರದಕ್ಷಿಣೆ ಹಾಕ್ತಿದ್ದೀಯ? ಅದು ಸಾವಾದ ಮನೆಯೋರು ಸುತ್ತೋ ರೀತಿ."

"ಇದು ಕೆರೆ ಅಮ್ಮ, ದೇವರಲ್ಲ."

"ನೀರು ದೇವರಲ್ವೇನೋ?"

ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟೆ. ತಿರುಗಬಹುದಿತ್ತು. ಆದರೆ ಅಷ್ಟು ಜನ ಹೇಳಿದ ಮೇಲೆ ತಿರುಗಿದರೆ ನನ್ನ ಮರ್ಯಾದೆ ಏನಾಗಬೇಕು? ಮಾರನೇ ದಿನವೂ ಉಲ್ಟಾನೇ ನಡೆದೆ. ಆಮೇಲಾಮೇಲೆ ಇನ್ನೊಂದು ಗೊತ್ತಾಯಿತು. ಎಲ್ಲರ ಜೊತೆ ಹೋದವನಿಗೆ ಕಾಣುವುದು ಮುಂದಿನವರ ಬೆನ್ನು. ಎದುರು ಹೋದವನಿಗೆ ಎಲ್ಲರ ಮುಖ ಸಿಗುತ್ತದೆ, ಅದೂ ಒಂದೊಂದು ಸುತ್ತಿಗೆ ಎರಡು ಸಲ. ಮನೆಯಲ್ಲಿ ಒಂದು ಮುಖವೂ ಇಲ್ಲದವನಿಗೆ ಇದು ಸಣ್ಣ ವಿಷಯವಲ್ಲ.

ಆ ಮುಖಗಳಲ್ಲಿ ಒಂದು ಭಾಯ್ ಅವರದು. ಬಿಳಿ ಜುಬ್ಬಾ, ಅದರ ಕೆಳಗೆ ಮಗ ಕೊಡಿಸಿದ ಗಿಳಿಹಸಿರು ಶೂ. ಶಿವಾಜಿನಗರದವರು, ಬಸ್ ಡ್ರೈವರಾಗಿದ್ದು ರಿಟೈರಾದವರು, ಹೊರಮಾವಿನಲ್ಲಿ ಮಗನ ಬಾಡಿಗೆ ಮನೆಯಲ್ಲಿ ಇದ್ದರು. ಇದೆಲ್ಲ ನನಗೆ ಒಂದೇ ದಿನದಲ್ಲಿ ಗೊತ್ತಾದದ್ದಲ್ಲ. ಮೊದಲ ದಿನ ನನ್ನ ಚೀಲ ನೋಡಿ, "ನೀವೇ ಹೊಲಿದದ್ದಾ?" ಅಂದರು, ನಿಲ್ಲಲಿಲ್ಲ. "ಹೌದು," ಅಂದೆ, ನಾನೂ ನಿಲ್ಲಲಿಲ್ಲ. ಕೆರೆಯ ಆ ತುದಿಯಲ್ಲಿ ಮತ್ತೆ ಎದುರಾದರು.

"ಕುಶನ್ ಮೇಸ್ತ್ರಿ?"

"ಹೌದು."

ಇನ್ನರ್ಧ ಸುತ್ತು.

"ಆ ಡಬಲ್ ಹೊಲಿಗೆ ನೋಡಿದ್ರೆ ಗೊತ್ತಾಗುತ್ತೆ. ನಂ ಶಿವಾಜಿನಗರ್ ಕೈ."

ಹೀಗೆ ಶುರುವಾಯಿತು. ಅವರು ಅವರ ದಾರಿ, ನಾನು ನನ್ನ ದಾರಿ. ಒಂದು ಸಲ ಎದುರಾದರೆ ಒಂದು ಮಾತು, ಅದರ ಉತ್ತರ ಅರ್ಧ ಸುತ್ತಿನ ಆಚೆ. ಒಂದು ಬೆಳಗ್ಗೆ ಕೇಳಿದೆ, "ಭಾಯ್, ನಿಮಗೆ ವಾಕಿಂಗ್ ಅಂದ್ರೆ ಇಷ್ಟಾನಾ?"

ಅರ್ಧ ಸುತ್ತು ಆದ ಮೇಲೆ, ಬಹಳ ಯೋಚನೆ ಮಾಡಿದವರ ಹಾಗೆ, "ಇಲ್ಲ," ಅಂದರು.

ಮತ್ತರ್ಧ ಸುತ್ತು. "ಮತ್ತೆ ಯಾಕೆ ಬರ್ತೀರ?"

"ಸೊಸೆ ವರ್ಕ್ ಫ್ರಮ್ ಹೋಮ್. ಹಾಲಲ್ಲೇ ಮೀಟಿಂಗು, ಬೆಳಗ್ಗೆ ಏಳಕ್ಕೇ. ನಾನು ಕೆಮ್ಮಿದ್ರೆ ಅವಳ ಆಫೀಸಿಗೆಲ್ಲ ಕೇಳುತ್ತೆ."

ನಾನು ನಗುತ್ತಾ ಅರ್ಧ ಕೆರೆ ಸುತ್ತಿದೆ. ಮತ್ತೆ ಎದುರಾದಾಗ ಅವರು ಬೆರಳೆತ್ತಿ, "ಅದಕ್ಕೆ ಇಲ್ಲಿಗೆ ಬಂದು ಕೆಮ್ತೀನಿ!" ಅಂದು ಒಂದು ಸಲ ಕೆಮ್ಮಿಯೂ ತೋರಿಸಿದರು.

ಉಳಿದವರು ಯಾಕೆ ನಡೆಯುತ್ತಾರೆ ಅಂತ ನಾನು ನೋಡುತ್ತಿದ್ದೆ. ಕೆಲವರು ನಾಯಿ ಎಳೆದ ಕಡೆ ಹೋಗುತ್ತಾರೆ. ಕೆಲವರು ಫೋನಲ್ಲಿ ಯಾರನ್ನೋ ಬೈಯ್ಯುತ್ತಾ, ಬೈಗುಳ ಮುಗಿಯುವ ತನಕ ಸುತ್ತುತ್ತಾರೆ. ಗಂಡ ಹೆಂಡತಿ ಮಾತಿಲ್ಲದೆ ಜೊತೆಗೆ ಹೋಗುತ್ತಾರೆ, ಅವರಿಗೆ ಅದೇ ಮಾತು. ಶಾಲಿನ ಅಜ್ಜಿ ತುಟಿ ಅಲ್ಲಾಡಿಸುತ್ತಾ ಸುತ್ತುತ್ತಾರೆ, ಅವರಿಗೆ ಪುಣ್ಯ. ಕೆರೆ ನೋಡೋಕೆ ಅಂತ ಬಂದವರನ್ನು ನಾನು ಕಂಡದ್ದು ಕಮ್ಮಿ.

ಭಾಯ್ ಮಾತ್ರ ಒಂದು ದಿನ ಹೀಗಂದರು, ಎರಡು ಮೂರು ಕಂತಿನಲ್ಲಿ: "ಜೀವನ ಪೂರ್ತಿ ಬಸ್ಸಲ್ಲಿ ಕೂತು ಮುಂದೆ ನೋಡ್ದೆ ಮೇಸ್ತ್ರಿ. ಅಷ್ಟು ಜನ ಹಿಂದೆ ಇದ್ರು. ಒಬ್ಬರ ಮುಖಾನೂ ಸರಿಯಾಗಿ ನೋಡಿಲ್ಲ, ಕನ್ನಡೀಲಿ ಕಂಡಷ್ಟೇ. ಈಗ ನೋಡಿ, ಎದುರಿಂದ ಬರೋರು ನೀವೊಬ್ರೇ."

ಆ ಮಾತು ಕೇಳಿ ಅವತ್ತು ಅಂಗಡಿಯಲ್ಲಿ ಒಂದು ಸೀಟಿಗೆ ತಪ್ಪು ಬಣ್ಣದ ದಾರ ಹಾಕಿ ಮತ್ತೆ ಬಿಚ್ಚಿದೆ.

ದಿನವೆಲ್ಲ ರೆಕ್ಸಿನ್ ಕತ್ತರಿಸುತ್ತಾ ನಾಳೆ ಹೇಳುವ ಮಾತನ್ನೂ ತುಂಡು ಮಾಡಿ ಇಟ್ಟುಕೊಳ್ಳುತ್ತಿದ್ದೆ. ಮೊದಲನೇ ತುಂಡು ಗೇಟಿನ ಹತ್ತಿರ, ಎರಡನೇದು ಆ ತುದಿಯ ಹೊಂಗೆ ಮರದ ಹತ್ತಿರ. ಅವರು ಬರದ ದಿನ ಆ ತುಂಡುಗಳೆಲ್ಲ ಹಾಗೇ ಬಾಯಲ್ಲಿ ಉಳಿದುಬಿಡುತ್ತಿದ್ದವು. ಫೋನ್ ನಂಬರ್ ಕೇಳಲಿಲ್ಲ. ಕೇಳಿದರೆ ಇವನಿಗೆ ಯಾರೂ ಇಲ್ಲ ಅಂತ ಗೊತ್ತಾಗಿಬಿಡುತ್ತದಲ್ಲ. ತಿರುಗಿ ಅವರ ಜೊತೆ ನಡೆಯಲೂ ಇಲ್ಲ. ಅವರೇ ಕರೆಯಲಿ ಅಂತ ಕಾದೆ. ಅವರೂ ಕರೆಯಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಗೇಟಿನ ಹತ್ತಿರ ಅಂದರು, "ಮೇಸ್ತ್ರಿ, ಭಾನುವಾರ ಮನೆ ಖಾಲಿ ಮಾಡ್ತಿದ್ದೀವಿ."

ಅಂದುಬಿಟ್ಟು ಹೋದರು. ಎಲ್ಲಿಗೆ ಅಂತ ಕೇಳಬೇಕಾದರೆ ನಾನು ಹೊಂಗೆ ಮರದ ತನಕ ನಡೆಯಬೇಕು. ಆ ಅರ್ಧ ಸುತ್ತು ಇಷ್ಟುದ್ದ ಅಂತ ಅವತ್ತೇ ಗೊತ್ತಾದದ್ದು. ಬೇಗ ಬೇಗ ಹೋದೆ. ಉಸಿರು ಕಟ್ಟಿತ್ತು.

"ಎಲ್ಲಿಗೆ?"

"ಮಗ ಸೊಸೆ ಮಹದೇವಪುರಕ್ಕೆ, ಆಫೀಸ್ ಹತ್ರ. ನಾನು ವಾಪಸ್ ಶಿವಾಜಿನಗರ್. ತಮ್ಮನ ಮನೆ ಮೇಲೆ ಒಂದು ರೂಮಿದೆ."

ಅದೇನು ಬೇರೆ ದೇಶ ಅಲ್ಲ, ನನಗೂ ಗೊತ್ತು. ಮಾಲು ತರೋಕೆ ತಿಂಗಳಿಗೊಂದು ಸಲ ಹೋಗುವ ಜಾಗವೇ. ಆದರೆ ಕೆರೆ ಅಲ್ಲಿಗೆ ಬರುವುದಿಲ್ಲವಲ್ಲ.

ಶನಿವಾರ, ಅವರ ಕೊನೇ ಬೆಳಗ್ಗೆ, ನಾನು ಗೇಟಲ್ಲಿ ನಿಂತು ಕಾದೆ. ಅವರು ಬಂದ ಕೂಡಲೇ ತಿರುಗಿ ಅವರ ಪಕ್ಕಕ್ಕೆ ಸೇರಿಕೊಂಡೆ. ಅವರು ಒಂದು ಸಲ ನನ್ನನ್ನು ನೋಡಿ, ಸುಮ್ಮನೆ ಜಾಗ ಬಿಟ್ಟರು. ಶಾಲಿನ ಅಜ್ಜಿ ಹಿಂದಿನಿಂದ, "ಈಗ ಬಂತು ನೋಡು ಬುದ್ಧಿ!" ಅಂದರು.

ಕೆರೆ ಬಲಕ್ಕೆ, ಕೆರೆಗೂ ನನಗೂ ನಡುವೆ ಭಾಯ್. ಅವರಿದ್ದದ್ದು ನನ್ನ ಸುರುಳಿಯ ಹೆಗಲ ಕಡೆ. ಆ ಕಡೆ ಯಾರಾದರೂ ಇರುವುದು ನನಗೆ ಅಭ್ಯಾಸವೇ ಇಲ್ಲ. ನಡೆದೆವು. ಮುಂದಿನವರ ಬೆನ್ನು ನೋಡುತ್ತಾ ನಡೆದೆವು. ತುಂಡು ಮಾಡಿಟ್ಟುಕೊಂಡು ಬಂದ ಮಾತು ಒಂದೂ ನಾಲಿಗೆಗೆ ಬರಲಿಲ್ಲ. "ಸಾಮಾನೆಲ್ಲ ಕಟ್ಟಿದ್ದಾಯ್ತಾ?" ಅಂದೆ. "ಆಯ್ತು," ಅಂದರು. ಹೊಂಗೆ ಮರ ದಾಟಿತು. ಅವರು ಕೆಮ್ಮಿದರು. ನಾನು ಚೀಲವನ್ನು ಈ ಕೈಯಿಂದ ಆ ಕೈಗೆ ಹಾಕಿದೆ. ಇಷ್ಟು ದಿನ ಇದೇ ಬೇಕು ಅಂತ ಕಾದಿದ್ದು. ಸಿಕ್ಕಿದಾಗ ಇಬ್ಬರೂ ಬಸ್ಸಿನಲ್ಲಿ ಪಕ್ಕಪಕ್ಕ ಕೂತ ಅಪರಿಚಿತರ ಹಾಗೆ ಆಗಿಬಿಟ್ಟೆವು.

ಮತ್ತೆ ಗೇಟಿನ ಹತ್ತಿರ ಬಂದಾಗ ಭಾಯ್ ನಿಂತರು. "ಅರೆ ಮೇಸ್ತ್ರಿ, ಹಿಂಗೆ ಮುಖಾನೇ ಕಾಣಲ್ಲ. ಮಾತೇ ಬರ್ತಿಲ್ಲ ನಂಗೆ. ನೀವು ನಿಮ್ಮ ರೂಟಲ್ಲಿ ಹೋಗಿ."

ಇಬ್ಬರೂ ಜೋರಾಗಿ ನಕ್ಕೆವು. ನಾನು ತಿರುಗಿ, ಕೆರೆಯನ್ನು ಎಡಕ್ಕೆ ಹಾಕಿಕೊಂಡೆ. ಆಮೇಲೆ ಮಾತು ಬಂತು.

ಹೊಂಗೆ ಮರದ ಹತ್ತಿರ: "ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿ. ಟೀ ಅಂಗಡಿ ಪಕ್ಕ ಮೆಟ್ಲು. ಬನ್ನಿ."

ಗೇಟಿನ ಹತ್ತಿರ: "ಬರ್ತೀನಿ ಭಾಯ್. ಮಾಲು ತರೋಕೆ ಹೆಂಗೂ ಬರ್ತಾನೇ ಇರ್ತೀನಿ."

ಮತ್ತೆ ಹೊಂಗೆ ಮರ. ಈ ಸಲ ಅವರು ನಿಂತು, ನನ್ನ ಚೀಲವನ್ನು ಬೆರಳಲ್ಲಿ ಮುಟ್ಟಿದರು. "ಮಾಲಿಗೆ ಬೇಡ. ಆ ಟೇಪು, ಪೇಪರು ಎಲ್ಲ ಮನೇಲಿಟ್ಟು ಬನ್ನಿ. ಖಾಲಿ ಕೈಲಿ ಬನ್ನಿ. ಸುಮ್ನೆ."

ಚೀಲದ ಒಳಗೆ ಏನಿದೆ ಅಂತ ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ಅದು ಅಷ್ಟು ತೆಳ್ಳಗೆ ನೇತಾಡುವುದನ್ನು, ಅದರ ಬಾಯಿಂದ ಟೇಪು, ಪೇಪರು ಇಣುಕುವುದನ್ನು ದಿನಾ ಎದುರಿಂದ ನೋಡಿದವರಿಗೆ ಗೊತ್ತಾಗದೆ ಇರುತ್ತದೆಯೇ?

ಅದಾದ ಮೇಲೆ ಮೂರು ಭಾನುವಾರ ಶಿವಾಜಿನಗರಕ್ಕೆ ಹೋದೆ. ಬೈಯಪ್ಪನಹಳ್ಳಿಯ ತನಕ ಬಸ್ಸು, ಅಲ್ಲಿಂದ ಮೆಟ್ರೋ, ಇಳಿದ ಮೇಲೆ ನಡಿಗೆ. ಮೂರು ಸಲವೂ ಚೀಲ ಇತ್ತು. ಗಲ್ಲಿ ಸಿಕ್ಕಿತು, ಟೀ ಅಂಗಡಿ ಸಿಕ್ಕಿತು, ಮೆಟ್ಟಿಲೂ ಕಂಡಿತು. ಮೇಲೆ ಕಿಟಕಿಯ ಸರಳಿಗೆ ಬಿಳಿ ಜುಬ್ಬಾ ಒಣಗಹಾಕಿತ್ತು, ಮೆಟ್ಟಿಲ ಬುಡದಲ್ಲಿ ಗಿಳಿಹಸಿರು ಶೂ ಬಿಟ್ಟಿತ್ತು. ಎದುರುಗಡೆ ನಿಂತು ಟೀ ಕುಡಿದೆ. ಮೇಲಿಂದ ಒಂದು ಸಲ ಕೆಮ್ಮು ಕೇಳಿಸಿತು. ಹತ್ತಿ ಹೋದರೆ, "ಏನು ವಿಷಯ?" ಅಂತ ಅವರ ತಮ್ಮನ ಮನೆಯವರು ಕೇಳುತ್ತಾರೆ. ವಿಷಯ ಇಲ್ಲ ಅಂತ ಹೇಳುವುದು ಹೇಗೆ? ಐವತ್ತು ದಾಟಿದ್ದೇನೆ, ಇಷ್ಟು ವರ್ಷದಲ್ಲಿ ವಿಷಯ ಇಲ್ಲದೆ ಯಾರ ಮೆಟ್ಟಿಲನ್ನೂ ಹತ್ತಿದವನಲ್ಲ. ಮೂರು ಸಲವೂ ಪಕ್ಕದ ಬೀದಿಗೆ ಹೋಗಿ, ಬಂದದ್ದಕ್ಕೆ ಒಂದು ಕಾರಣ ಇರಲಿ ಅಂತ ಒಂದು ರೀಲು ಕಪ್ಪು ದಾರ ಕೊಂಡು ವಾಪಸ್ ಬಂದೆ.

ಕೆರೆಗೆ ಈಗಲೂ ಹೋಗುತ್ತೇನೆ. ಎಲ್ಲ ಮುಖಗಳೂ ಎದುರಿಂದ ಬರುತ್ತವೆ, ಹೋಗುತ್ತವೆ. ಅಜ್ಜಿ ನಿನ್ನೆ ನಿಲ್ಲಿಸಿ ಕೇಳಿದರು, "ಆ ಹಸಿರು ಶೂನೋರು ಎಲ್ಲಪ್ಪ, ಕಾಣ್ತಿಲ್ಲ?"

"ಊರಿಗೆ ಹೋದ್ರು ಅಮ್ಮ."

"ನೀನೂ ಹೋಗಿ ಮಾತಾಡಿಸ್ಕೊಂಡು ಬಾ. ಮುಖ ಹಿಂಗಿಟ್ಕೊಂಡು ಅಪ್ರದಕ್ಷಿಣೆ ಹಾಕಿದ್ರೆ ನೋಡೋರಿಗೇ ಸಂಕಟ."

ಜನಕ್ಕೆ ನಡೆಯುವುದು ಇಷ್ಟವೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಇಷ್ಟವಾದದ್ದು ನಡಿಗೆ ಅಲ್ಲ. ಅರ್ಧ ಸುತ್ತಿನ ಆಚೆ ಒಬ್ಬರು ಉತ್ತರ ಹಿಡಿದುಕೊಂಡು ಬರುತ್ತಿದ್ದಾರೆ ಅನ್ನುವುದು.

ನಾಳೆ ಭಾನುವಾರ. ಇವತ್ತು ಅಂಗಡಿ ಬಾಗಿಲು ಎಳೆಯುವಾಗ ಚೀಲವನ್ನು ಒಳಗೇ ಮೊಳೆಗೆ ನೇತುಹಾಕಿ ಬಂದಿದ್ದೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಹೊರಮಾವಿನಲ್ಲಿ ಒಂದು ಮನೆ, ಕೆ.ಆರ್. ಪುರದಲ್ಲಿ ಒಂದು ಅಂಗಡಿ, ಎರಡು ಹೊಲಿಗೆ ಮೆಷಿನ್ನು, ಹಬ್ಬಕ್ಕೆ ಫೋನ್ ಮಾಡುವ ಇಬ್ಬರು ತಂಗಿಯರು, ಒಂದು ಜೊತೆ ಶೂ, ಬೇಕಿಲ್ಲದ ಕಪ್ಪು ದಾರ ಮೂರು ರೀಲು, ಎರಡು ಖಾಲಿ ಕೈ.