ದೌಲಪ್ಪನ ಒಳ್ಳೆಯ ಗಳಿಗೆ

ಕಮಲಾಪುರದ ದೌಲಪ್ಪನಿಗೆ ಎರಡು ಎಕರೆ ಕೆಂಪು ಬಾಳೆ, ಒಂದು ಪಂಚಾಂಗ ಮತ್ತು ಹೊರಲಾರದಷ್ಟು ಅಹಂಕಾರ ಇದೆ. ಬೋರ್‌ವೆಲ್ ಕೊರೆಸುವವರು, ಅಂಗಡಿ ತೆರೆಯುವವರು ಅವನನ್ನು ಕೇಳಿಯೇ ದಿನ ಗೊತ್ತು ಮಾಡುತ್ತಾರೆ. ಅವನದೇ ಗಳಿಗೆಯಲ್ಲಿ ಕೊರೆಸಿದ ಅವನದೇ ಬೋರ್‌ವೆಲ್ ಒಣಗಿದ್ದನ್ನು ಊರು ಮರೆತಿದೆ. ನಾನು ಮರೆತಿಲ್ಲ. ನನ್ನ ತಂಗಿ ರಾಜೇಶ್ರೀ ಅವನ ಸೊಸೆ.

ಅವಳ ಮೊದಲ ಹೆರಿಗೆ ಸಹಜವಾಗಿಯೇ ಆಗುತ್ತಿತ್ತು. ಮಾವ ಬಿಡಲಿಲ್ಲ. ಗುರುವಾರ ಒಂಬತ್ತು ಇಪ್ಪತ್ತಕ್ಕೆ ಹುಟ್ಟಿದ ಮೊಮ್ಮಗ ತಹಶೀಲ್ದಾರನಾಗುತ್ತಾನೆಂದು ಗುಣಿಸಿ, ಅದಕ್ಕೆ ಒಪ್ಪುವ ಆಸ್ಪತ್ರೆಯನ್ನೂ ಹುಡುಕಿ ಹೊಟ್ಟೆ ಕೊಯ್ಯಿಸಿದ. ಹುಟ್ಟಿದ್ದು ಹೆಣ್ಣು. ಎರಡು ವರ್ಷಕ್ಕೆ ಮತ್ತೊಂದು ಮುಹೂರ್ತ, ಮತ್ತೊಂದು ಸಿಜೇರಿಯನ್, ಮತ್ತೊಂದು ಹೆಣ್ಣು. ಡಾಕ್ಟರು ಏಳು ನಿಮಿಷ ತಡ ಮಾಡಿದರಂತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಂಗಿಯ ಗಂಡ ಚಂದ್ರಶಾ ಎಂಬವನೂ ಆ ಮನೆಯಲ್ಲಿದ್ದಾನೆ. ಅಪ್ಪ ಕೂತರೆ ಕೂರುತ್ತಾನೆ.

ಮೂರನೆಯ ಬಸಿರಿನಲ್ಲಿ ಕಲಬುರಗಿಯ ಡಾಕ್ಟರ್ ಶೀಲಾ ಸ್ಕ್ಯಾನ್ ನೋಡಿ ಎಲ್ಲರ ಮುಂದೆಯೇ ಹೇಳಿದರು.

"ಮಾಸು, ಅಂದ್ರ ಪ್ಲಾಸೆಂಟಾ, ಕೆಳಗ ಕೂತದ. ಹಳೇ ಹೊಲಿಗಿ ಮ್ಯಾಲೇ ಬೇರು ಬಿಟ್ಟದ. ಹೆರಿಗ್ಯಾಗ ಬಿಡಿಸಿದ್ರ ಬಿಡೂದಿಲ್ಲ, ರಕ್ತ ನಿಲ್ಲೂದಿಲ್ಲ. ಮುಂದಿನ ವಾರ ಅಡ್ಮಿಟ್ ಆಗ್ರಿ. ನಡುವ ಒಂದ್ ಹನಿ ರಕ್ತ ಕಂಡ್ರೂ, ನೋವಿಲ್ಲಂದ್ರೂ, ಓಡಿ ಬರ್ರಿ."

ಅಮಾವಾಸ್ಯೆ ಕಳೆಯಲಿ, ಆಮೇಲೆ ನೋಡೋಣ ಎಂದ ದೌಲಪ್ಪ.

ಅಮಾವಾಸ್ಯೆಯ ಬೆಳಿಗ್ಗೆಯೇ ರಕ್ತ ಕಂಡಿತು. ನೋವಿರಲಿಲ್ಲ.

"ನೋವೇ ಇಲ್ಲ, ಏನ್ ಅವಸರ ಅದ? ಅಮಾಸಿ ದಿನ ಬಸುರಿ ಹೊಸ್ತಿಲ ದಾಟಬಾರ್ದು. ನಾಳಿ ಎಂಟೂವರಿಗಿ ಚಲೋ ಗಳಿಗಿ ಅದ," ಎಂದು ಆ ಪುಣ್ಯಾತ್ಮ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತ. ಚಂದ್ರಶಾನೂ ಕೂತ.

ಅತ್ತೆ ದುಂಡಮ್ಮ ಮೂವತ್ತೈದು ವರ್ಷ ಆ ಪಂಚಾಂಗಕ್ಕೆ ಅರಿಶಿನ ಕುಂಕುಮ ಹಚ್ಚಿದವಳು. ಸೊಸೆಯ ಸೀರೆ ನೋಡಿದಳು. ಹಿತ್ತಲ ಬಾಗಿಲಿಗೆ ಹೊಸ್ತಿಲೇ ಇಲ್ಲ. ಅಲ್ಲಿಂದ ಸೊಸೆಯನ್ನು ಹೊರಡಿಸಿ, ಬಾಳೆಗೊನೆ ಹೇರಿಕೊಂಡು ಕಲಬುರಗಿಗೆ ಹೊರಟಿದ್ದ ಟೆಂಪೊ ಹತ್ತಿಸಿ, ದಾರಿಯಲ್ಲಿ ನನಗೆ ಫೋನ್ ಮಾಡಿದಳು.

ಏಳು ಬಾಟಲಿ ರಕ್ತ ಏರಿಸಿದರು. ಕಲಬುರಗಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಮೋಮಿನಪುರದ ಫೈಜಾನ್ ಗೆಳೆಯರನ್ನು ಕಟ್ಟಿಕೊಂಡು ಬಂದು ರಕ್ತ ಕೊಟ್ಟ. ಅವರಲ್ಲಿ ಒಬ್ಬರೂ ಇವತ್ತು ಯಾವ ದಿನ ಎಂದು ಕೇಳಲಿಲ್ಲ. ಮಾಸು ಬಿಡದ್ದರಿಂದ ಗರ್ಭಕೋಶವನ್ನೇ ತೆಗೆಯಬೇಕಾಯಿತು. ತಂಗಿ ಉಳಿದಳು. ಮಗುವೂ ಉಳಿಯಿತು. ಗಂಡು.

ಮೂರನೆಯ ದಿನ ದೌಲಪ್ಪ ಆಸ್ಪತ್ರೆಗೆ ಬಂದ, ಕಂಕುಳಲ್ಲಿ ಪಂಚಾಂಗ. ಸೊಸೆಯ ಮುಖವನ್ನೂ ನೋಡದೆ ಹೆಂಡತಿಯನ್ನು ಕೇಳಿದ.

"ಹುಟ್ಟಿದ ಗಳಿಗಿ ಎಷ್ಟಂತ? ಜಾತಕ ಬರೀಬೇಕು."

"ಗಡಿಯಾರ ಯಾರ್ ನೋಡ್ಯಾರ್ರೀ? ಎಲ್ಲಾರೂ ಆಕಿ ರಕ್ತ ನೋಡಾಕತ್ತಿದ್ರು," ಎಂದಳು ದುಂಡಮ್ಮ.

ನರ್ಸ್ ಹೊತ್ತು ಬರೆದುಕೊಟ್ಟ ಚೀಟಿ ಅವಳ ಸೆರಗಿನ ಗಂಟಿನಲ್ಲೇ ಇತ್ತು. ಇವತ್ತಿಗೂ ಅವನಿಗೆ ಕೊಟ್ಟಿಲ್ಲ.