ರತ್ನಮ್ಮನಿಗೆ ಭಯ ಇತ್ತಾ, ಇಲ್ಲವಾ?

ಹೋದ ಭಾನುವಾರ ನಾನು ಗಾಜುವಾಕದಿಂದ ವಿಜಯವಾಡಕ್ಕೆ ಹೋಗಿದ್ದು ಒಬ್ಬ ಹುಡುಗಿಯನ್ನ ಗುಂಪಿನಿಂದ ಆಚೆ ಹಾಕೋಕೆ. ನಿಮ್ಮ ಹತ್ರ ಯಾಕೆ ಸುಳ್ಳು ಹೇಳಲಿ? ಟ್ರೈನ್ ಹತ್ತುವಾಗಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ಕೆಲಸದ ಮೇಲೆ ಈ ಎರಡು ತೆಲುಗು ಊರಿಗೆ ಬಂದುಬಿದ್ದ ಐದು ಜನ ಕನ್ನಡದವರು ಸೇರಿ ವಾಟ್ಸಾಪಿನಲ್ಲಿ ಒಂದು ಕಥೆ ಬರೀತೀವಿ. ಮೂಡಲಪೇಟೆ ಅಂತ ನಾವೇ ಕಟ್ಟಿದ ಊರು. ಪಾತ್ರಗಳು ಎಲ್ಲರವು, ಕಂತು ಒಬ್ಬೊಬ್ಬರದು. ಒಬ್ಬರು ಬರೆದದ್ದು ಇನ್ನೊಬ್ಬರದಕ್ಕೆ ತಾಳೆ ಆಗಬೇಕು.

ತಾಳೆ ನೋಡೋಳು ನಾನು. (ಬ್ಯಾಂಕಿನವಳಲ್ವಾ! ನಮ್ಮಲ್ಲಿ ಒಬ್ಬರು ಎಂಟ್ರಿ ಹಾಕಿದರೆ ಇನ್ನೊಬ್ಬರು ಚೆಕ್ ಮಾಡಿ ಪಾಸ್ ಮಾಡಬೇಕು. ಆ ಪದ್ಧತೀನ ಕಥೆಗೂ ತಂದು ಹಾಕಿದೆ.) ಎರಡು ಸಲ ರಿಜೆಕ್ಟ್ ಆದರೆ ಗುಂಪಿನಿಂದ ಔಟ್. ಆ ರೂಲೂ ನಂದೇ.

ಅನಿತಾದು ಆಗಲೇ ಒಂದಾಗಿತ್ತು. ಧಾರವಾಡದ ಹುಡುಗಿ, ವಿಜಯವಾಡದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಆರನೇ ಕಂತಿನಲ್ಲಿ ಸತ್ತ ಪೋಸ್ಟ್‌ಮ್ಯಾನ್ ಕೈಯಲ್ಲಿ ಹತ್ತನೇ ಕಂತಿನಲ್ಲಿ ಕಾಗದ ಹಂಚಿಸಿದ್ದಳು! ಅವಳ ಹಾಸ್ಟೆಲಿನಲ್ಲಿ ಕನ್ನಡ ಮಾತಾಡೋರು ಒಬ್ಬರೂ ಇಲ್ಲ. ಅವಳಿಗಿದ್ದದ್ದು ಈ ಗುಂಪೊಂದೇ. ಅದು ಗೊತ್ತಿದ್ದೂ ಹೊರಟಿದ್ದೆ, ನೋಡಿ.

ಗವರ್ನರ್‌ಪೇಟೆಯ ಹೋಟೆಲಿನ ಮಹಡಿ ಮೇಲೆ ಐದೂ ಜನ ಸೇರಿದ್ವಿ. ಕೆಳಗೆ ಆಟೋಗಳ ಹಾರ್ನ್. ನಾಲ್ಕನೇ ಕಂತಿನದೂ ಅನಿತಾಳ ಹೊಸ ಕಂತಿನದೂ ಪ್ರಿಂಟೌಟ್ ಮೇಜಿನ ಮೇಲೆ ಇಟ್ಟೆ.

"ನಾಲ್ಕನೇ ಕಂತಿನಲ್ಲಿ ರತ್ನಮ್ಮ ಏನಂತಾಳೆ? 'ನಂಗೆ ಗಂಡನ ಭಯ ಅಂತ ಯಾವತ್ತೂ ಇಲ್ಲ' ಅಂತಾಳೆ. ನೀನೇನು ಬರೆದಿದ್ದೀಯ? ಗಂಡನ ಸ್ಕೂಟರ್ ಸದ್ದು ಕೇಳಿದ ಕೂಡಲೇ ರೇಡಿಯೋ ಆರಿಸಿ, ಉಗ್ರಾಣಕ್ಕೆ ಹೋಗಿ ಚಿಲಕ ಹಾಕ್ಕೋತಾಳೆ ಅಂತ. ಯಾವುದು ನಿಜ?"

"ವದಿಲೇಯಂಡಿ ಮೇಡಂ, ಬಿಟ್ಬಿಡಿ, ಕಥೆ ತಾನೇ," ಅಂದ್ರು ನಮ್ಮ ಗುಂಪಿನ ಕ್ಲರ್ಕ್ ಪ್ರಕಾಶ್. (ಆರು ವರ್ಷ ಇಲ್ಲಿದ್ದು ಅವರ ಬಾಯಿಗೆ ತೆಲುಗೇ ಮೊದಲು ಬರುತ್ತೆ.)

ಕಥೆ ತಾನೇ? ಮೈ ಉರಿದುಹೋಯ್ತು. ನಾಲ್ಕನೇ ಕಂತು ಬರೆದವಳು ನಾನು. ರತ್ನಮ್ಮ ನನ್ನ ಕೂಸು. ಗಟ್ಟಿಗಿತ್ತಿ. ಅವಳನ್ನ ಉಗ್ರಾಣಕ್ಕೆ ತಳ್ಳೋಕೆ ಇವಳ್ಯಾರು?

"ಎರಡನೇ ರಿಜೆಕ್ಟ್," ಅಂದೆ.

ಅನಿತಾ ನಾಲ್ಕನೇ ಕಂತಿನ ಹಾಳೆ ನನ್ನ ಕಡೆ ತಳ್ಳಿದಳು. "ಎರಡೂ ಖರೇನರೀ ಅಕ್ಕಾರ. ನಿಮ್ಮ ಕಂತಿನ್ಯಾಗ ಆಕಿ ಆ ಮಾತು ಯಾರ ಮುಂದ ಹೇಳ್ಯಾಳ, ಒಮ್ಮೆ ನೋಡ್ರಿ."

ನೋಡಿದೆ. ಇನ್ನೊಂದು ಸಲ ನೋಡಿದೆ. ಪಕ್ಕದ ಮನೆಯಾಕೆ ಕೇಳ್ತಾಳೆ, ರತ್ನಮ್ಮ ನಗ್ತಾ ಉತ್ತರ ಕೊಡ್ತಾಳೆ. ಗಂಡ ಅಲ್ಲೇ ಕೂತು ಕಾಫಿ ಕುಡೀತಿದ್ದಾನೆ. ಅವನನ್ನ ಅಲ್ಲಿ ಕೂರಿಸಿದವಳೂ ನಾನೇ!

"ಗಂಡನ ಮುಂದ ಆಕಿ ಮತ್ತೇನು ಹೇಳಬೇಕಿತ್ತರೀ?"

ನಂಗೆ ನಾಚಿಕೆಯಾಯ್ತು. ಆ ಕಂತು ಬರೆದವಳೂ ನಾನು, ಪಾಸ್ ಮಾಡಿದವಳೂ ನಾನು. ಬ್ಯಾಂಕಿನಲ್ಲಾಗಿದ್ದರೆ ಮೆಮೋ ಬರ್ತಿತ್ತು.

ಅನಿತಾಳ ಕಂತು ಪಾಸಾಯ್ತು. ಎರಡು ರಿಜೆಕ್ಟಿನ ರೂಲ್ ಅಲ್ಲೇ ಕಿತ್ತುಹಾಕಿದೆ. 'ನಿಂಗೆ ಇದೆಲ್ಲ ಹೇಗೆ ಗೊತ್ತು' ಅಂತ ನಾಲಿಗೆ ತುದಿಗೆ ಬಂದಿತ್ತು. ನಾಲ್ಕು ಜನರ ಮುಂದೆ ಕೇಳಬಾರದು ಅನ್ನೋ ಬುದ್ಧಿ ಅಷ್ಟರಲ್ಲಿ ಬಂತು, ಸದ್ಯ.

ಇದು ಬರೀ ಮೂಡಲಪೇಟೆ ಕಥೆನಾ? ಆಫೀಸಿಗೆ ಹೊಸದಾಗಿ ಬಂದವರನ್ನ ಮ್ಯಾನೇಜರ್ ಎದುರೇ "ಏನಾದ್ರೂ ತೊಂದರೆ ಇದೆಯಾ" ಅಂತ ಕೇಳ್ತೀವಿ. ಸೊಸೆಯನ್ನ ಅತ್ತೆ ಎದುರೇ ವಿಚಾರಿಸ್ತೀವಿ. ಅವರು "ಏನೂ ಇಲ್ಲ" ಅಂದರೆ ನಂಬಿ, ಕಾಫಿ ಕುಡಿದು ಎದ್ದು ಬರ್ತೀವಿ.

ಮೊನ್ನೆ ನೀವು ಮಗಳ ಮನೆಗೆ ಹೋಗಿ "ಚೆನ್ನಾಗಿದ್ದೀಯೇನೇ" ಅಂತ ಕೇಳಿ ಬಂದ್ರಲ್ಲ, ಆಗ ಪಕ್ಕದಲ್ಲಿ ಯಾರು ಕೂತಿದ್ರು?